ಅಪ್ಪ ಕಟ್ಟಿದ ಮನೆ ಮಾರೋ ಮುಂಚೆ: ಕಾಗದ, ಬೆಲೆ, ಸಮಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಇದೆ. ಮನೆ ಮಾರಿ ನೋಡು ಅಂತ ಯಾರೂ ಸೇರಿಸಿಲ್ಲ. ಆದ್ರೆ ನನಗೆ ಬರೋ ವಾಯ್ಸ್ ನೋಟ್‌ಗಳಲ್ಲಿ ಈಚೆಗೆ ಮತ್ತೆ ಮತ್ತೆ ಬರ್ತಿರೋ ಪ್ರಶ್ನೆ ಇದೇ. ಕೇಳ್ತಿರೋರು 24, 26, 28 ವಯಸ್ಸಿನೋರು. ಅಪ್ಪ ಇಲ್ಲ, ಊರಲ್ಲಿ ಅಮ್ಮ ಒಬ್ಬರೇ, ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸದಲ್ಲಿ. "ಮನೆ ಮಾರೋಣ ಅಂತ ತೀರ್ಮಾನ ಆಗಿದೆ, ಫೋನ್ ನನ್ನ ಕೈಲಿದೆ ಅಂತ ಜವಾಬ್ದಾರಿನೂ ನನ್ನ ತಲೆಗೆ ಬಂದಿದೆ, ಎಲ್ಲಿಂದ ಶುರು ಮಾಡ್ಲಿ?" ಇಷ್ಟೇ ಪ್ರಶ್ನೆ.

ಇವತ್ತಿನ ಎಪಿಸೋಡ್ ಪೂರ್ತಿ ಇದಕ್ಕೇ. ಅರ್ಥ ಆಗೋಕೆ ಒಂದು ಉದಾಹರಣೆ ಮನೆ ಇಟ್ಕೊಳ್ಳೋಣ. ದಾವಣಗೆರೆ ಅಥವಾ ಮೈಸೂರಿನಂಥ ಊರು, 30×40 ಸೈಟು, ಇಪ್ಪತ್ತೈದು ವರ್ಷ ಹಳೇ ಮನೆ, ಅಪ್ಪನ ಸ್ವಂತ ಸಂಪಾದನೆದು. ಮನೆಯಲ್ಲಿ ಅಮ್ಮ, ಒಬ್ಬ ಮಗ, ಒಬ್ಬಳು ಮದುವೆಯಾದ ಮಗಳು. ನಾನು ಹೇಳೋ ದರಗಳು ಲೆಕ್ಕಕ್ಕೆ ಮಾತ್ರ, ನಿಮ್ಮ ಬೀದಿಯ ದರ ಬೇರೆ ಇರುತ್ತೆ. ಕಾನೂನು, ತೆರಿಗೆ ಅಂಕಿಗಳು ಮಾತ್ರ ನಿಜವಾದವು.

ಮೊದಲ ಪ್ರಶ್ನೆ: ಮನೆ ಯಾರದ್ದು?

ಬಣ್ಣ ಹೊಡಿಸೋದು, ಫೋಟೋ ತೆಗೆಯೋದು ಎಲ್ಲ ಆಮೇಲೆ. ಅಪ್ಪನ ಹೆಸರಲ್ಲಿದ್ದ ಮನೆ ಅಪ್ಪ ಹೋದ ಮೇಲೆ ತಾನಾಗೇ ಅಮ್ಮನದ್ದಾಗಲ್ಲ. ಹಾಗೇ ಮಗನದ್ದೂ ಆಗಲ್ಲ. ಅಪ್ಪ ವಿಲ್ ಬರೆದಿಲ್ಲ ಅಂದ್ರೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಮತ್ತು ಅಪ್ಪನ ತಾಯಿ, ಇಷ್ಟೂ ಜನಕ್ಕೆ ಸಮಪಾಲು. ಅಪ್ಪನಿಗಿಂತ ಮೊದಲೇ ತೀರಿಕೊಂಡ ಮಗನೋ ಮಗಳೋ ಇದ್ರೆ, ಅವರ ಮಕ್ಕಳಿಗೂ ಹಕ್ಕಿದೆ. ಎಲ್ಲರೂ ಮರೆಯೋದು ಅಜ್ಜಿನ. ಅಜ್ಜಿ ಬದುಕಿದ್ರೆ ನಮ್ಮ ಉದಾಹರಣೆ ಮನೆ ಮೂರು ಪಾಲಲ್ಲ, ನಾಲ್ಕು ಪಾಲು.

"ಅಕ್ಕಂಗೆ ಮದುವೆ ಆಗಿದೆ, ಅವಳ ಸಹಿ ಯಾಕೆ?" ಅನ್ನೋ ಪ್ರಶ್ನೆನೂ ಬರುತ್ತೆ. ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು 1956ರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳ್ತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡ್ತು. ಮದುವೆಗೂ ಹಕ್ಕಿಗೂ ಸಂಬಂಧ ಇಲ್ಲ. ಅವಳ ಸಹಿ ಇಲ್ಲದೆ ಮಾರಿದ್ರೆ ಕೊಂಡವರ ತಲೆ ಮೇಲೆ ಕೇಸ್ ತೂಗಾಡ್ತಿರುತ್ತೆ. ಅದಕ್ಕೇ ಸರಿಯಾದ ವಕೀಲರನ್ನ ಇಟ್ಕೊಂಡ ಖರೀದಿದಾರ ಮೊದಲು ಕೇಳೋದೇ ವಂಶವೃಕ್ಷ. ವಾರಸುದಾರರಲ್ಲಿ ಯಾರಾದ್ರೂ 18 ತುಂಬದವರಿದ್ರೆ, ಅವರ ಪಾಲು ಮಾರೋಕೆ ಕೋರ್ಟ್ ಅನುಮತಿ ಬೇಕಾಗುತ್ತೆ. ಮುಸ್ಲಿಂ, ಕ್ರಿಶ್ಚಿಯನ್ ಕುಟುಂಬಗಳಿಗೆ ಪಾಲಿನ ನಿಯಮ ಬೇರೆ. ಅವರು ತಮಗೆ ಅನ್ವಯಿಸೋ ಕಾನೂನು ಗೊತ್ತಿರೋ ವಕೀಲರನ್ನೇ ಕೇಳಬೇಕು.

ಕಾಗದದ ಫೈಲ್

ಒಂದು ಫೈಲ್ ಮಾಡಿ. ಅದರಲ್ಲಿ ಇರಬೇಕಾದ್ದು: ಅಪ್ಪನ ಮೂಲ ಕ್ರಯಪತ್ರ, ಅದಕ್ಕಿಂತ ಹಿಂದಿನ ಪತ್ರಗಳು, ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತಾ, ಆಸ್ತಿ ತೆರಿಗೆ ಕಟ್ಟಿದ ರಸೀದಿ, ಮನೆ ನಕ್ಷೆಯ ಮಂಜೂರಾತಿ, ಕರೆಂಟ್ ಮತ್ತು ನೀರಿನ ಬಿಲ್, ಮತ್ತೆ ಇಸಿ ಅಂದ್ರೆ ಋಣಭಾರ ಪ್ರಮಾಣಪತ್ರ.

ಇಸಿಯನ್ನ ಕಾವೇರಿ 2.0 ಪೋರ್ಟಲ್‌ನಲ್ಲಿ ಮನೆಯಿಂದಲೇ ತೆಗೀಬಹುದು. 2004ಕ್ಕಿಂತ ಹಿಂದಿನದು ಬೇಕಿದ್ರೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ವ್ಯವಹಾರ ಇದ್ರೆ ನಮೂನೆ 15, ಏನೂ ಇಲ್ಲದಿದ್ರೆ ನಮೂನೆ 16 ಬರುತ್ತೆ. ಇಸಿಯಲ್ಲಿ ಹಳೇ ಅಡಮಾನ ಇನ್ನೂ ಕಾಣ್ತಿದ್ರೆ, ಸಾಲ ಎಂದೋ ತೀರಿದ್ರೂ ಅದರ ಬಿಡುಗಡೆ ನೋಂದಣಿ ಆಗಿಲ್ಲ ಅಂತ ಅರ್ಥ. ಬ್ಯಾಂಕಿನಿಂದ ಪತ್ರ ತಂದು ಅದನ್ನ ಮೊದಲು ಮುಗಿಸಿ. ಸಾಲ ಇನ್ನೂ ನಡೀತಿದ್ರೂ ಮಾರಬಹುದು, ಬಾಕಿ ಎಷ್ಟು ಅನ್ನೋ ಪತ್ರ ತಗೊಂಡು ಖರೀದಿದಾರನ ಹಣದಲ್ಲೇ ತೀರಿಸೋದು ರೂಢಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರ ವಾಪಸ್ ಕೊಡಬೇಕು. ಅದರದೇ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ನಿಮಗೆ ಪರಿಹಾರ. 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರೋ ರಿಸರ್ವ್ ಬ್ಯಾಂಕ್ ನಿಯಮ ಇದು.

ಇನ್ನು ಖಾತಾ. ಅಪ್ಪನ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಗಬೇಕು, ಮತ್ತು ಇ-ಖಾತಾ ಆಗಿರಬೇಕು. ಬೆಂಗಳೂರಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗ್ತಿಲ್ಲ. ಬೇರೆ ನಗರ, ಪಟ್ಟಣಗಳಿಗೆ ಇ-ಆಸ್ತಿ, ಗ್ರಾಮ ಪಂಚಾಯಿತಿಗಳಿಗೆ ಇ-ಸ್ವತ್ತು. ಹೆಸರಲ್ಲಿ ಒಂದು ಅಕ್ಷರ ತಪ್ಪು, ಅಳತೆಯಲ್ಲಿ ಅರ್ಧ ಅಡಿ ವ್ಯತ್ಯಾಸ, ಆಧಾರ್‌ನಲ್ಲಿ ಒಂದು ಇನಿಷಿಯಲ್ ಹೆಚ್ಚು, ಇಂಥ ಸಣ್ಣ ವಿಷಯಗಳೇ ವಾರಗಟ್ಟಲೆ ತಿನ್ನೋದು. ಗಿರಾಕಿ ಸಿಕ್ಕ ಮೇಲೆ ಓಡಾಡೋಣ ಅಂದ್ರೆ ಅಷ್ಟರಲ್ಲಿ ಗಿರಾಕಿ ಬೇರೆ ಮನೆ ನೋಡಿರ್ತಾನೆ.

ಒಂದು ಎಚ್ಚರಿಕೆ. ಈ ಫೈಲನ್ನ ಪಿಡಿಎಫ್ ಮಾಡಿ ಸಿಕ್ಕ ಸಿಕ್ಕ ಬ್ರೋಕರ್‌ಗೆಲ್ಲ ವಾಟ್ಸ್ಆ್ಯಪ್ ಮಾಡಬೇಡಿ. ಆಸಕ್ತಿ ಗಟ್ಟಿ ಆದವರಿಗೆ ಮಾತ್ರ, ಆಧಾರ್ ಸಂಖ್ಯೆ ಮರೆಮಾಡಿ, ಪುಟದ ಮೇಲೆ "ಪರಿಶೀಲನೆಗೆ ಮಾತ್ರ" ಅಂತ ಬರೆದು ಕೊಡಿ.

ಮನೆಗೆ ಎಷ್ಟು ಖರ್ಚು ಮಾಡಬೇಕು?

ಹಳೇ ಮನೆಗೆ ಹೊಸ ಮಾಡ್ಯುಲರ್ ಕಿಚನ್ ಹಾಕಿಸಿದ್ರೆ ಬೆಲೆ ಏರುತ್ತೆ ಅಂತ ಹೇಳೋರಿದ್ದಾರೆ. 25 ವರ್ಷದ ಮನೆ ಕೊಳ್ಳೋರು ಬಹಳಷ್ಟು ಜನ ಅದನ್ನ ತಮಗೆ ಬೇಕಾದ ಹಾಗೆ ಬದಲಾಯಿಸ್ತಾರೆ, ಕೆಲವರು ಕೆಡವಿ ಹೊಸದು ಕಟ್ತಾರೆ. ನಿಮ್ಮ ಕಿಚನ್‌ಗೆ ಅವರು ದುಡ್ಡು ಕೊಡಲ್ಲ.

ಖರ್ಚು ಮಾಡಬೇಕಾದ್ದು ಭಯ ಹುಟ್ಟಿಸೋ ವಿಷಯಗಳಿಗೆ. ತಾರಸಿ ಸೋರಿಕೆ, ಗೋಡೆಯ ತೇವ, ನೇತಾಡೋ ವೈರು, ತೊಟ್ಟಿಕ್ಕೋ ನಲ್ಲಿ, ಕಿರುಗುಟ್ಟೋ ಬಾಗಿಲು, ಪಾಚಿ ಕಟ್ಟಿದ ಸಂಪು. ತೇವದ ಗೋಡೆ ನೋಡಿದ ತಕ್ಷಣ ಖರೀದಿದಾರ ಮನಸ್ಸಲ್ಲೇ ಲಕ್ಷಗಳನ್ನ ಕಳೀತಾನೆ, ರಿಪೇರಿಗೆ ಅದರ ಒಂದು ಭಾಗ ಸಾಕಾಗ್ತಿತ್ತು. ಆದ್ರೆ ಸೋರಿಕೆ ಮೇಲೆ ಬರೀ ಬಣ್ಣ ಬಳಿದು ಮುಚ್ಚಬೇಡಿ. ಅದು ಮೋಸ, ಮತ್ತು ಮೊದಲ ಮಳೆಗೇ ಗೊತ್ತಾಗೋ ಮೋಸ. ತಿಳಿ ಬಣ್ಣ, ಪ್ರಕಾಶ ಇರೋ ಬಲ್ಬ್, ಅಟ್ಟದ ಮೇಲಿನ ಸಾಮಾನು ಖಾಲಿ, ಇಷ್ಟಾದ ಮೇಲೆ ಬೆಳಗಿನ ಬಿಸಿಲಲ್ಲಿ ಫೋಟೋ ತೆಗೀರಿ.

ಬೆಲೆ: ಮೂರು ಅಂಕಿ, ಒಂದು ತೀರ್ಮಾನ

ಬೆಲೆ ವಿಷಯದಲ್ಲಿ ಜನ ಮೂರು ಬೇರೆ ಬೇರೆ ಅಂಕಿಗಳನ್ನ ಕಲಸಿಬಿಡ್ತಾರೆ. ಮೊದಲನೇದು ಸರ್ಕಾರದ ಮಾರ್ಗಸೂಚಿ ದರ. ನೋಂದಣಿ ಶುಲ್ಕ ಲೆಕ್ಕ ಹಾಕೋಕೆ ಸರ್ಕಾರ ಇಟ್ಕೊಂಡಿರೋ ಕನಿಷ್ಠ ಬೆಲೆ ಅದು. ಎರಡನೇದು ಆ್ಯಪ್‌ಗಳಲ್ಲಿ ಕಾಣೋ ಬೆಲೆ. ಅದು ಮಾರೋರು ಕೇಳ್ತಿರೋ ಬೆಲೆ, ಯಾರೋ ಕೊಟ್ಟ ಬೆಲೆ ಅಲ್ಲ. ಮೂರನೇದು ನಿಜವಾಗಿ ಕೈ ಬದಲಾದ ಬೆಲೆ. ನಿಮಗೆ ಬೇಕಾದ್ದು ಮೂರನೇದು. ಪಕ್ಕದ ಬೀದಿಯಲ್ಲಿ ಈಚೆಗೆ ಮಾರಿದೋರನ್ನ ಕೇಳಿ. ಪರಸ್ಪರ ಪರಿಚಯ ಇಲ್ಲದ ಮೂವರು ಬ್ರೋಕರ್‌ಗಳನ್ನ "ನಾನು ಕೊಳ್ಳಬೇಕು" ಅಂತ ಅಲ್ಲ, "ಕಳೆದ ಆರು ತಿಂಗಳಲ್ಲಿ ಇಲ್ಲಿ ಏನು ಮಾರಾಟ ಆಯ್ತು" ಅಂತ ಕೇಳಿ. ಬ್ಯಾಂಕ್ ಪಟ್ಟಿಯಲ್ಲಿರೋ ಮೌಲ್ಯಮಾಪಕರಿಂದ ಒಂದು ವರದಿ ತಗೊಳ್ಳಿ, ಶುಲ್ಕ ಕೊಟ್ರೂ ನಷ್ಟ ಇಲ್ಲ.

ಆಮೇಲೆ ಜಾಗ ಬೇರೆ, ಕಟ್ಟಡ ಬೇರೆ ಲೆಕ್ಕ ಹಾಕಿ. 30×40 ಅಂದ್ರೆ 1,200 ಚದರಡಿ. ಅಡಿಗೆ 4,000 ಅಂದ್ಕೊಂಡ್ರೆ ಜಾಗ 48 ಲಕ್ಷ. ಕಟ್ಟಡ 1,000 ಚದರಡಿ, ಇವತ್ತು ಹೊಸದಾಗಿ ಕಟ್ಟೋಕೆ ಅಡಿಗೆ 2,000 ಅಂದ್ರೆ 20 ಲಕ್ಷ. ಆಯಸ್ಸು 60 ವರ್ಷ ಅಂತ ಇಟ್ಕೊಂಡ್ರೆ 25 ಕಳೆದಿದೆ, 35 ಉಳಿದಿದೆ. 20 ಲಕ್ಷದಲ್ಲಿ ಅಷ್ಟು ಪಾಲು ಸುಮಾರು 11.7 ಲಕ್ಷ. ಒಟ್ಟು 60 ಲಕ್ಷದ ಹತ್ತಿರ. ಮೂಲೆ ಸೈಟು, ಅಗಲ ರಸ್ತೆ, ಪೂರ್ವ ದಿಕ್ಕಿನ ಬಾಗಿಲು ಇದ್ರೆ ಸ್ವಲ್ಪ ಮೇಲೆ. ಬಿ-ಖಾತಾ, ಕಿರಿದಾದ ರಸ್ತೆ, ನಕ್ಷೆಗಿಂತ ಹೆಚ್ಚು ಕಟ್ಟಿದ್ದು ಇದ್ರೆ ಕೆಳಗೆ.

ಹಳೇ ಮನೆಗಳಲ್ಲಿ ಬೆಲೆ ಹೆಚ್ಚಾಗೋದು ಮಣ್ಣಿಗೆ, ಗೋಡೆಗಲ್ಲ. ಅಪ್ಪ ತೇಗದ ಬಾಗಿಲಿಗೆ ಪಟ್ಟ ಕಷ್ಟ ಮನೆಯವರಿಗೆ ಅಮೂಲ್ಯ, ಸರಿ. ಆದ್ರೆ ಆ ಭಾವನೆಗೆ ಐದು ಲಕ್ಷ ಸೇರಿಸಿ ಹೇಳಿದ್ರೆ ಮನೆ ತಿಂಗಳುಗಟ್ಟಲೆ ಹಾಗೇ ನಿಲ್ಲುತ್ತೆ. ಹೊಸದಾಗಿ ಮಾರಾಟಕ್ಕೆ ಬಂದ ಮನೆಗೆ ಮೊದಲ ಕೆಲವು ವಾರ ಹೆಚ್ಚು ಜನ ಬರ್ತಾರೆ. ಆರು ತಿಂಗಳಾದ ಮೇಲೆ ಬರೋರು ಕೇಳೋದು ಒಂದೇ: "ಇನ್ನೂ ಯಾಕೆ ಹೋಗಿಲ್ಲ? ಏನೋ ತೊಂದರೆ ಇರಬೇಕು."

ಖರೀದಿದಾರನ ಜೇಬೂ ನೋಡಿ

ನಮ್ಮ 60 ಲಕ್ಷದ ಮನೆಗೆ ಬರೋನು ಬಹುಶಃ ಸಾಲ ಮಾಡಿ ಕೊಳ್ಳೋನು. 30ರಿಂದ 75 ಲಕ್ಷದವರೆಗಿನ ಗೃಹ ಸಾಲಕ್ಕೆ ಬ್ಯಾಂಕ್ ಆಸ್ತಿ ಮೌಲ್ಯದ 80%ಗಿಂತ ಹೆಚ್ಚು ಕೊಡೋ ಹಾಗಿಲ್ಲ. ಅಂದ್ರೆ 48 ಲಕ್ಷ ಸಾಲ, 12 ಲಕ್ಷ ಅವನ ಕೈಯಿಂದ. ಇದರ ಮೇಲೆ ನೋಂದಣಿ ಖರ್ಚು. ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದಿದ್ದು 2% ಆಗಿದೆ. ಒಟ್ಟು 7.6%, ಅಂದ್ರೆ 4.56 ಲಕ್ಷ. ಅಲ್ಲಿಗೆ ಅವನು ಸ್ವಂತ ಹೊಂದಿಸಬೇಕಾದ್ದು 16.56 ಲಕ್ಷ.

ಈಗ ಬ್ಯಾಂಕಿನ ಮೌಲ್ಯಮಾಪಕ ಮನೆಗೆ 54 ಲಕ್ಷ ಮಾತ್ರ ಹಾಕಿದ ಅಂದ್ಕೊಳ್ಳಿ. ಸಾಲ 43.2 ಲಕ್ಷಕ್ಕೆ ಇಳಿಯುತ್ತೆ, ಅವನ ಕೈ ಹಣ 21 ಲಕ್ಷ ದಾಟುತ್ತೆ. ಮುಂಗಡ ಕೊಟ್ಟು ಎರಡು ತಿಂಗಳಾದ ಮೇಲೆ ವ್ಯವಹಾರ ಮುರಿದು ಬೀಳೋದು ಇಲ್ಲೇ. ಹಾಗಾಗಿ ಇಬ್ಬರು ಬಂದ್ರೆ ಬರೀ ಹೆಚ್ಚು ಬೆಲೆ ಹೇಳಿದೋನ ಹಿಂದೆ ಹೋಗಬೇಡಿ. ಸಾಲಕ್ಕೆ ಮೊದಲೇ ಒಪ್ಪಿಗೆ ಪತ್ರ ಇದೆಯಾ, ಕೈಲಿ ಎಷ್ಟಿದೆ, ಎಷ್ಟು ದಿನದಲ್ಲಿ ನೋಂದಣಿ, ಇದನ್ನ ಕೇಳಿ. 61 ಹೇಳಿ ಕೈ ಖಾಲಿ ಇರೋನಿಗಿಂತ 59 ಹೇಳಿ ತಯಾರಿರೋನು ಮೇಲು.

"ಸ್ವಲ್ಪ ವೈಟು, ಸ್ವಲ್ಪ ಬ್ಲ್ಯಾಕು"

ಈ ಮಾತು ಬಂದೇ ಬರುತ್ತೆ. "35 ಪತ್ರದಲ್ಲಿ ತೋರಿಸೋಣ, 25 ನಗದು ಕೊಡ್ತೀನಿ, ನಿಮಗೂ ಟ್ಯಾಕ್ಸ್ ಉಳಿಯುತ್ತೆ." ಕೇಳೋಕೆ ಇಬ್ಬರಿಗೂ ಲಾಭ ಅನ್ಸುತ್ತೆ. ಲೆಕ್ಕ ನೋಡಿ.

ಸ್ಥಿರಾಸ್ತಿ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡ್ರೆ, ತಗೊಂಡಷ್ಟೇ ಮೊತ್ತ ದಂಡ ಹಾಕೋ ಅವಕಾಶ ಕಾನೂನಲ್ಲಿದೆ. ದಂಡ ಬೀಳೋದು ತಗೊಂಡೋರಿಗೆ, ಅಂದ್ರೆ ನಿಮ್ಮ ಅಮ್ಮನಿಗೆ. ಪತ್ರದ ಬೆಲೆ ಮಾರ್ಗಸೂಚಿ ಬೆಲೆಗಿಂತ ತುಂಬಾ ಕಡಿಮೆ ಇದ್ರೂ ತೆರಿಗೆ ಉಳಿಯಲ್ಲ. 10% ವ್ಯತ್ಯಾಸದವರೆಗೆ ಬಿಡ್ತಾರೆ, ಅದಕ್ಕಿಂತ ಹೆಚ್ಚಾದ್ರೆ ಮಾರ್ಗಸೂಚಿ ಬೆಲೆಯನ್ನೇ ಮಾರಾಟದ ಬೆಲೆ ಅಂತ ಹಿಡೀತಾರೆ. ಕೊನೆಗೆ, ಆ 25 ಲಕ್ಷ ನಗದನ್ನ ಅಮ್ಮ ಎಫ್‌ಡಿ ಇಡೋಕಾಗಲ್ಲ, ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕೋಕಾಗಲ್ಲ. ಬೀರುವಲ್ಲಿಟ್ಟು ಕಾಯಬೇಕು.

ತೆರಿಗೆ: ಪೆನ್ನು ಪೇಪರ್ ತಗೊಳ್ಳಿ

ಮನೆ 24 ತಿಂಗಳಿಗಿಂತ ಹೆಚ್ಚು ಕಾಲ ಕೈಲಿದ್ರೆ ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ತೆರಿಗೆ 12.5%, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆದ್ರೆ ಆ ದಿನಕ್ಕಿಂತ ಮೊದಲು ಕೊಂಡ ಮನೆಗೆ, ಭಾರತದಲ್ಲಿ ವಾಸ ಇರೋ ವ್ಯಕ್ತಿಗಳು ಹಳೇ ಲೆಕ್ಕನೂ ಹಾಕಿ ನೋಡಬಹುದು, ಅಂದ್ರೆ ಹಣದುಬ್ಬರ ಹೊಂದಿಸಿ 20%. ಯಾವುದು ಕಡಿಮೆಯೋ ಅದು.

ಉದಾಹರಣೆಗೆ 2010-11ರಲ್ಲಿ ಸ್ವಂತ ಹೆಸರಲ್ಲಿ 20 ಲಕ್ಷಕ್ಕೆ ಕೊಂಡು 2025-26ರಲ್ಲಿ 60 ಲಕ್ಷಕ್ಕೆ ಮಾರಿದ್ರೆ, ಲಾಭ 40 ಲಕ್ಷ. 12.5% ಅಂದ್ರೆ 5 ಲಕ್ಷ. ಹಳೇ ಲೆಕ್ಕದಲ್ಲಿ ಸೂಚ್ಯಂಕ 167ರಿಂದ 376ಕ್ಕೆ ಏರಿದೆ, 20 ಲಕ್ಷ ಈಗ 45 ಲಕ್ಷಕ್ಕೆ ಸಮ. ಲಾಭ ಸುಮಾರು 15 ಲಕ್ಷ, ಅದಕ್ಕೆ 20% ಅಂದ್ರೆ 3 ಲಕ್ಷ. ಎರಡು ಲಕ್ಷ ಉಳೀತು. ಎರಡಕ್ಕೂ 4% ಸೆಸ್ ಬೇರೆ.

ವಾರಸುದಾರರಾಗಿ ಬಂದ ಮನೆಗೆ ಅಪ್ಪ ಕೊಟ್ಟ ಬೆಲೆನೇ ನಿಮ್ಮ ಖರೀದಿ ಬೆಲೆ, ಅಪ್ಪ ಇಟ್ಕೊಂಡಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತೆ. 2001ರ ಏಪ್ರಿಲ್‌ಗಿಂತ ಹಿಂದಿನ ಮನೆ ಆದ್ರೆ ಆ ದಿನದ ಮಾರುಕಟ್ಟೆ ಬೆಲೆ ಇಟ್ಕೊಳ್ಳೋ ಅವಕಾಶ ಇದೆ. ಮೇಲಿನ ಮಹಡಿ ಕಟ್ಟಿಸಿದ ಬಿಲ್ಲು ಸಿಕ್ಕಿದ್ರೆ ಜೋಪಾನ ಮಾಡಿ, ಅದೂ ವೆಚ್ಚಕ್ಕೆ ಸೇರುತ್ತೆ. ಪ್ರತಿ ವಾರಸುದಾರನೂ ತನ್ನ ಪಾಲಿಗೆ ತಾನೇ ತೆರಿಗೆ ಕಟ್ಟಬೇಕು. ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡ್ರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದ್ರೆ ವಿನಾಯಿತಿ. ಮನೆ ಬೇಡ ಅಂದ್ರೆ ಆರು ತಿಂಗಳೊಳಗೆ ನಿಗದಿತ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಾಕಬಹುದು, ಐದು ವರ್ಷ ಮುಟ್ಟೋ ಹಾಗಿಲ್ಲ.

ಮನೆ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ರೆ ಖರೀದಿದಾರ 1% ಟಿಡಿಎಸ್ ಹಿಡೀತಾನೆ. ನಿಮ್ಮ ಪಾಲು 20 ಲಕ್ಷವೇ ಆದ್ರೂ ಇಡೀ ಮನೆಯ ಬೆಲೆನೇ ಲೆಕ್ಕ. ಇಲ್ಲಿ ಅಮ್ಮನ ಪ್ಯಾನ್ ಮುಖ್ಯ. ಪ್ಯಾನ್ ಇಲ್ಲದಿದ್ರೆ, ಅಥವಾ ಆಧಾರ್ ಜೋಡಣೆ ಆಗದೆ ನಿಷ್ಕ್ರಿಯ ಆಗಿದ್ರೆ, 1% ಬದಲು 20% ಹಿಡೀತಾರೆ. ಇವತ್ತೇ ಪರೀಕ್ಷಿಸಿ. ವಾರಸುದಾರರಲ್ಲಿ ಯಾರಾದ್ರೂ ಅನಿವಾಸಿ ಆಗಿದ್ರೆ ಅವರ ಪಾಲಿಗೆ ಟಿಡಿಎಸ್ ನಿಯಮವೇ ಬೇರೆ, ಮೊತ್ತವೂ ಜಾಸ್ತಿ. ಮುಂಗಡ ತಗೊಳ್ಳೋ ಮೊದಲೇ ಲೆಕ್ಕಪರಿಶೋಧಕರನ್ನ ಕೇಳಿ.

ಯಾವಾಗ ಮಾರೋದು?

ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮ್ಮಲ್ಲಿ ಅನೇಕರು ಮನೆ ವಿಷಯ ಎತ್ತಲ್ಲ. ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಕೊಳ್ಳೋನಿಗೆ ಇರುತ್ತೆ. ಯುಗಾದಿಯಿಂದ ಮೇ ಕೊನೆವರೆಗೆ, ಮತ್ತೆ ದಸರಾದಿಂದ ಸಂಕ್ರಾಂತಿ ಹತ್ತಿರದವರೆಗೆ ಓಡಾಟ ಜಾಸ್ತಿ. ಜೂನ್‌ಗೆ ಶಾಲೆ ಶುರು, ಅಷ್ಟರಲ್ಲಿ ಮನೆ ಸೇರಬೇಕು ಅನ್ನೋ ಕುಟುಂಬಗಳೂ ಇರ್ತವೆ. ಹಾಗಾದ್ರೆ ಮಳೆಗಾಲ, ಆಷಾಢ ಕಾಗದಕ್ಕೆ. ಖಾತಾ, ಇಸಿ, ವಂಶವೃಕ್ಷ ಆಗ ಮುಗಿಸಿ. ಎಲ್ಲಿ ಸೋರುತ್ತೆ ಅನ್ನೋದೂ ಮಳೆನೇ ತೋರಿಸುತ್ತೆ. ದಸರಾಕ್ಕೆ ಬೋರ್ಡು ಹಾಕಿ.

ಅವಸರ ಇದೆ ಅನ್ನೋದು ಮಾತ್ರ ಹೊರಗೆ ಬಿಡಬೇಡಿ. "ಅಮ್ಮನ ಆಪರೇಷನ್‌ಗೆ ದುಡ್ಡು ಬೇಕು" ಅಂತ ಬ್ರೋಕರ್ ಹತ್ರ ಹೇಳಿದ್ರೆ ಮರುದಿನ ಬರೋ ಪ್ರತಿ ಗಿರಾಕಿನೂ ಐದು ಲಕ್ಷ ಕಡಿಮೆ ಹೇಳ್ತಾನೆ.

ಮುಂಗಡ ತಗೊಳ್ಳುವಾಗ ಕರಾರು ಪತ್ರ ಇರಲಿ. ಎಷ್ಟು ದಿನದಲ್ಲಿ ನೋಂದಣಿ, ಸಾಲ ಸಿಗದಿದ್ರೆ ಮುಂಗಡ ಏನಾಗುತ್ತೆ, ಬಾಕಿ ಬಿಲ್ ಯಾರು ಕಟ್ತಾರೆ, ಎಲ್ಲ ಬರೆದಿರಲಿ. ಪೂರ್ತಿ ಹಣ ಬರೋವರೆಗೆ ಕೀಲಿ ಕೈ, ಮೂಲ ಪತ್ರ ಕೊಡಬೇಡಿ. ಮತ್ತೆ ಫೋನಲ್ಲೇ "ಮುಂಗಡ ಕಳಿಸ್ತೀನಿ, ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದ್ರೆ ಕಾಲ್ ಕಟ್ ಮಾಡಿ. ದುಡ್ಡು ತಗೊಳ್ಳೋಕೆ ಯಾವತ್ತೂ ಪಿನ್ ಬೇಕಾಗಲ್ಲ.

ಮಾರಿದ ಮೇಲೆ ಅಮ್ಮ ಎಲ್ಲಿ?

ಇಷ್ಟೊತ್ತು ಹೇಳಿದ ಎಲ್ಲದಕ್ಕಿಂತ ಇದು ದೊಡ್ಡದು. 60 ಲಕ್ಷ ಮೂರು ಪಾಲಾದ್ರೆ ಅಮ್ಮನಿಗೆ 20 ಲಕ್ಷ. ವರ್ಷಕ್ಕೆ 7% ಬಡ್ಡಿ ಅಂದ್ಕೊಂಡ್ರೂ ತಿಂಗಳಿಗೆ ಹನ್ನೊಂದೂವರೆ ಸಾವಿರ ಚಿಲ್ಲರೆ. ಇವತ್ತು ಬಾಡಿಗೆ ಇಲ್ಲದೆ ಇರೋ ಅಮ್ಮ, ನಾಳೆ ಅದರಲ್ಲೇ ಬಾಡಿಗೆ, ಔಷಧಿ, ಊಟ ನೋಡ್ಕೋಬೇಕು. ಇಲ್ಲಾಂದ್ರೆ ಮಕ್ಕಳ ಮನೆಯಲ್ಲಿ ಸರದಿ ಪ್ರಕಾರ ಇರಬೇಕು. ಪೂರ್ತಿ 60 ಲಕ್ಷ ಅಮ್ಮನ ಹೆಸರಲ್ಲೇ ಉಳಿದ್ರೆ ಅದೇ ಬಡ್ಡಿಗೆ ತಿಂಗಳಿಗೆ 35,000. ಅವರು ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಮಕ್ಕಳು ಮನಸ್ಸು ಮಾಡಿದ್ರೆ ಮಾರೋ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿ ತಮ್ಮ ಪಾಲನ್ನ ಅಮ್ಮನಿಗೆ ಬಿಟ್ಟುಕೊಡಬಹುದು. ಕುಟುಂಬದೊಳಗಿನ ಇಂಥ ಪತ್ರಕ್ಕೆ ಪೂರ್ತಿ ಕ್ರಯದಷ್ಟು ಶುಲ್ಕ ಇರಲ್ಲ. ಆಗ ತೆರಿಗೆ, ವಿನಾಯಿತಿ, ಬಾಂಡ್, ಎಲ್ಲ ಅವರೊಬ್ಬರ ಲೆಕ್ಕದಲ್ಲೇ ನಡೆಯುತ್ತೆ. ಇದು ಕಡ್ಡಾಯ ಅಲ್ಲ, ಪ್ರತಿ ಮನೆಯ ಕಷ್ಟ ಬೇರೆ. ಆದ್ರೆ ಈ ಮಾತು ಬೋರ್ಡು ಹಾಕೋ ಮುಂಚೆ ಆಗಬೇಕು, ಅಮ್ಮನನ್ನ ಕೂರಿಸ್ಕೊಂಡು, ಅಮ್ಮನನ್ನೇ ಕೇಳಿ. ಚೆಕ್ ಕೈಗೆ ಬಂದ ಮೇಲೆ ಈ ಮಾತು ಶುರು ಮಾಡಿದ್ರೆ ಅದು ಜಗಳವಾಗೇ ಮುಗಿಯೋ ಸಾಧ್ಯತೆ ಹೆಚ್ಚು.

ಈ ವಾರ ಮೂರೇ ಕೆಲಸ: ಅಮ್ಮನ ಪ್ಯಾನ್ ಆಧಾರ್‌ಗೆ ಜೋಡಣೆ ಆಗಿದೆಯಾ ನೋಡಿ, ಕಾವೇರಿಯಲ್ಲಿ ಇಸಿಗೆ ಅರ್ಜಿ ಹಾಕಿ, ಅಕ್ಕನಿಗೋ ತಮ್ಮನಿಗೋ ಫೋನ್ ಮಾಡಿ. ಬೆಲೆ ಮಾತು ಅದಾದ ಮೇಲೆ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಇದೇ ವ್ಯವಹಾರವನ್ನ ಕೊಳ್ಳೋರ ಕಡೆಯಿಂದ ನೋಡೋಣ. ನಮಸ್ಕಾರ.